ಓದದೆ ಒತ್ತಲು ಬಾರದ ಕೊಂಡಿ: ತರಗತಿಗೆ ಕವಲುಕಥೆ ಕಟ್ಟುವ ಬಗೆ

ಡಿಜಿಟಲ್ ಕಥೆ ಅಂದರೆ ಬಹಳ ಶಾಲೆಗಳಲ್ಲಿ ನಡೆಯುವುದು ಇಷ್ಟೇ: ಸ್ಮಾರ್ಟ್ ಟಿವಿಯಲ್ಲಿ ಬಣ್ಣದ ಚಿತ್ರ ಓಡುತ್ತದೆ, ಹಿಂದಿನಿಂದ ಒಂದು ದನಿ ಕಥೆ ಹೇಳುತ್ತದೆ, ಮಕ್ಕಳು ಕಣ್ಣರಳಿಸಿ ಕೂತಿರುತ್ತಾರೆ. ಗಲಾಟೆ ಇಲ್ಲದ್ದರಿಂದ ಪಾಠ ಚೆನ್ನಾಗಿ ಆಯಿತು ಅನ್ನಿಸುತ್ತದೆ. ಆದರೆ ಆ ಅರ್ಧ ಗಂಟೆಯಲ್ಲಿ ಯಾವ ಮಗುವೂ ಒಂದು ಸಾಲು ಓದಿರುವುದಿಲ್ಲ.

ಕವಲುಕಥೆಯಲ್ಲಿ ಪಠ್ಯವೇ ಮುಂದಿರುತ್ತದೆ. ಪರದೆಯ ಮೇಲೆ ನಾಲ್ಕೈದು ವಾಕ್ಯದ ಒಂದು ತುಣುಕು, ಅದರ ಕೆಳಗೆ ಎರಡು ಕೊಂಡಿ (ಲಿಂಕ್). ಯಾವುದನ್ನು ಒತ್ತಿದರೆ ಕಥೆ ಆ ಕಡೆ ತಿರುಗುತ್ತದೆ. ಇಲ್ಲಿಯೂ ಕಳ್ಳದಾರಿ ಉಂಟು: ಮೇಲಿನದನ್ನು ಓದದೆ ಬೆರಳಿಗೆ ಸಿಕ್ಕ ಕೊಂಡಿಯನ್ನು ಟಕಟಕ ಒತ್ತುತ್ತ ಕೊನೆ ಮುಟ್ಟಿಬಿಡಬಹುದು. ಅದಕ್ಕೇ ಕಥೆ ಕಟ್ಟುವವರು ಮೊದಲು ಯೋಚಿಸಬೇಕಾದದ್ದು ತಂತ್ರಾಂಶದ ಬಗ್ಗೆ ಅಲ್ಲ. ಓದದಿದ್ದರೆ ಆರಿಸಲು ಬಾರದಂಥ ಕೊಂಡಿ ಬರೆಯುವುದು ಹೇಗೆ ಎಂಬುದರ ಬಗ್ಗೆ. ದಾವಣಗೆರೆ, ಚಿತ್ರದುರ್ಗ ಸೀಮೆಯಲ್ಲಿ 4ರಿಂದ 7ನೇ ತರಗತಿಗೆ ಕನ್ನಡ ಕಲಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ.

ಕೊಂಡಿಯಲ್ಲಿ ಏನಿರಬೇಕು

ಚಳ್ಳಕೆರೆ ಕಡೆಯ ಒಂದು ಕುರಿರೊಪ್ಪ. ಬೆಳಗ್ಗೆ ಎಣಿಸಿದರೆ ಒಂದು ಮರಿ ಕಡಿಮೆ. ಆ ಕಥೆಯ ನಾಲ್ಕನೇ ತುಣುಕು ಹೀಗಿದೆ ಅಂದುಕೊಳ್ಳಿ (ಚೌಕಾವರಣದ ಎರಡು ಸಾಲು ಕೊಂಡಿಗಳು, ಕೊನೆಯ ಅಂಕಿ ಕಥೆ ಹೋಗುವ ತುಣುಕಿನದು):

ರೊಪ್ಪದ ಮುಳ್ಳುಬೇಲಿ ಎಲ್ಲೂ ಕಿತ್ತಿರಲಿಲ್ಲ. ರಾತ್ರಿ ಬಿದ್ದ ಮಳೆಗೆ ನೆಲ ಮೆತ್ತಗಾಗಿತ್ತು. ಬಾಗಿಲಿನಿಂದ ಆಚೆಗೆ ದೊಡ್ಡ ಚಪ್ಪಲಿಯ ಗುರುತು ಸಾಲಾಗಿ ಮೂಡಿತ್ತು. ಅದರ ಅಕ್ಕಪಕ್ಕ ಮರಿಯ ಗೊರಸಿನ ಗುರುತು ಒಂದೂ ಇರಲಿಲ್ಲ.

[[ಮರಿ ತಾನೇ ನಡೆದುಹೋಗಿದೆ, ಹಳ್ಳದ ಕಡೆ ಹುಡುಕು->6]]

[[ಮರಿಯನ್ನು ಯಾರೋ ಎತ್ತಿದ್ದಾರೆ, ಹಳ್ಳಿಯ ಕಡೆ ಹುಡುಕು->5]]

ಮರಿ ಕಳುವಾಗಿದೆ ಎಂದು ಪಠ್ಯದಲ್ಲಿ ಎಲ್ಲಿಯೂ ಬರೆದಿಲ್ಲ. ನೆಲ ಮೆತ್ತಗಿದೆ, ನಡೆದಿದ್ದರೆ ಗೊರಸು ಮೂಡಲೇಬೇಕು, ಮೂಡಿಲ್ಲ. ಎರಡನೆಯ ವಾಕ್ಯವನ್ನೂ ನಾಲ್ಕನೆಯ ವಾಕ್ಯವನ್ನೂ ಒಟ್ಟಿಗೆ ಹಿಡಿದ ಮಗುವಿಗೆ ಮಾತ್ರ ದಾರಿ ಸಿಗುತ್ತದೆ. ಜೊತೆಗೆ ಹಳ್ಳದ, ಹಳ್ಳಿಯ ಎಂಬ ಎರಡು ಪದಗಳು ಅಕ್ಕಪಕ್ಕ ಕೂತಿವೆ. ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುವ ಮಗು ಇಲ್ಲಿ ನಿಂತು ಎರಡನೇ ಸಲ ನೋಡಬೇಕಾಗುತ್ತದೆ. ಅಕ್ಕಿ-ಹಕ್ಕಿ, ಬಳೆ-ಬಾಳೆ, ಕಲ್ಲು-ಕಾಲು, ಇಂಥ ಜೋಡಿಗಳು ಬೇಕಾದಷ್ಟಿವೆ. ಮಾತಿನಲ್ಲಿ ಹಕಾರ ನುಂಗುವ ಮಕ್ಕಳಿಗೆ ‘ಅಕ್ಕಿಯ ಹಿಂದೆ ಹೋಗು, ಹಕ್ಕಿಯ ಹಿಂದೆ ಹೋಗು’ ಎಂಬ ಕೊಂಡಿಗಳು ಹತ್ತು ಸಲ ತಿದ್ದುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಒಂದು ಕಥೆಯಲ್ಲಿ ಇಂಥ ಜೋಡಿ ಒಂದೋ ಎರಡೋ ಇದ್ದರೆ ಸಾಕು. ಪ್ರತಿ ತುಣುಕಿನಲ್ಲೂ ಹಾಕಿದರೆ ಮಕ್ಕಳು ಕಥೆ ಬಿಟ್ಟು ಒಗಟು ಬಿಡಿಸಲು ಕೂರುತ್ತಾರೆ.

ತಪ್ಪು ಕೊಂಡಿ ಒತ್ತಿದವರಿಗೆ ‘ತಪ್ಪು, ಮತ್ತೆ ಪ್ರಯತ್ನಿಸು’ ಎಂದು ತೋರಿಸಬೇಡಿ. ಅದು ಪರೀಕ್ಷೆಯ ಭಾಷೆ. ಆರನೇ ತುಣುಕು ಕಥೆಯ ಒಳಗಿನಿಂದಲೇ ಹಿಂದಕ್ಕೆ ಕಳಿಸಲಿ: ‘ಹಳ್ಳದ ಮರಳು ನುಣ್ಣಗಿತ್ತು. ಅಲ್ಲಿ ಯಾರೂ ನಡೆದಾಡಿರಲಿಲ್ಲ. ರೊಪ್ಪದ ಬಾಗಿಲಿನ ನೆಲವನ್ನು ಇನ್ನೊಮ್ಮೆ ನೋಡಬೇಕು.’ ಇದಕ್ಕೆ ಒಂದೇ ಕೊಂಡಿ, ಅದು 4ಕ್ಕೆ ಮರಳುತ್ತದೆ. ಎರಡನೇ ಸಲ ಬಂದ ಮಗು ಅದೇ ತುಣುಕನ್ನು ಏನನ್ನೋ ಹುಡುಕುವವರಂತೆ ಓದುತ್ತದೆ. ನಮಗೆ ಬೇಕಾದ ಓದು ಅದೇ.

ಕೆಲಸಕ್ಕೆ ಬಾರದ ಕೊಂಡಿಗಳೂ ಇವೆ. ‘ಎಡಕ್ಕೆ ಹೋಗು, ಬಲಕ್ಕೆ ಹೋಗು’ ಎಂದರೆ ನಾಣ್ಯ ಚಿಮ್ಮಿದಷ್ಟೇ, ಓದಿಗೆ ಅಲ್ಲಿ ಜಾಗವಿಲ್ಲ. ‘ನಿಜ ಹೇಳು, ಸುಳ್ಳು ಹೇಳು’ ಎಂದರೆ ಮೇಷ್ಟ್ರಿಗೆ ಯಾವುದು ಬೇಕು ಎಂಬುದು ಒಂದನೇ ತರಗತಿಯ ಮಗುವಿಗೂ ಗೊತ್ತು. ಹಾಗೆಯೇ ಬಾವಿಗೆ ಬಿದ್ದು ಸಾಯುವ, ಚಿರತೆ ಹಿಡಿಯುವ ಕೊನೆಗಳನ್ನು ಒಂದಕ್ಕಿಂತ ಹೆಚ್ಚು ಇಟ್ಟರೆ ಹುಡುಗರೆಲ್ಲ ಅದನ್ನೇ ಹುಡುಕಿಕೊಂಡು ಓಡುತ್ತಾರೆ.

ಎಷ್ಟು ತುಣುಕು, ಎಷ್ಟು ಉದ್ದ

ಹೊಸದಾಗಿ ಶುರುಮಾಡುವವರು ಮುಗ್ಗರಿಸುವುದು ಲೆಕ್ಕದಲ್ಲಿ. ಪ್ರತಿ ತುಣುಕಿಗೂ ಎರಡು ಕವಲು ಎಂದು ಹೊರಟರೆ 1, 2, 4, 8, 16. ನಾಲ್ಕೇ ಆಯ್ಕೆಗೆ 31 ತುಣುಕು ಬರೆಯಬೇಕು, ಓದುವ ಮಗು ಅದರಲ್ಲಿ 5 ಮಾತ್ರ ನೋಡುತ್ತದೆ. ಅರ್ಧಕ್ಕೆ ನಿಂತುಹೋದ ಕಥೆಗಳಲ್ಲಿ ಬಹುಪಾಲು ಹೀಗೆ ನಿಂತವು.

ಕವಲು ಒಡೆದ ಮೇಲೆ ಮತ್ತೆ ಕೂಡಿಸಬೇಕು. ನಾವು ಹೇಳುವ ಅಳತೆ 12 ತುಣುಕು. 1 ಆರಂಭ, ಅದರಿಂದ 2 ಮತ್ತು 3. ಎರಡೂ 4ಕ್ಕೆ ಬಂದು ಸೇರುತ್ತವೆ. 4ರಿಂದ 5 ಮತ್ತು 6, ಇದರಲ್ಲಿ 6 ಹಿಂದಕ್ಕೆ ಮರಳುವ ತುಣುಕು. 5ರಿಂದ 7 ಮತ್ತು 8, ಎರಡೂ 9ಕ್ಕೆ. 9ರಿಂದ 10, 11, 12 ಎಂದು ಮೂರು ಕೊನೆಗಳು. ಒಂದು ಸಲ ಕೂತರೆ ಮಗು 7 ತುಣುಕು ಓದುತ್ತದೆ. ಹಿಂದಕ್ಕೆ ಮರಳುವುದನ್ನು ಬಿಟ್ಟು ಎಣಿಸಿದರೂ 12 ಬೇರೆ ಬೇರೆ ದಾರಿಗಳಿವೆ. ಪಕ್ಕದವರ ಕಥೆ ತನ್ನದಕ್ಕಿಂತ ಬೇರೆಯಾಗಿದೆ ಎಂದು ಗೊತ್ತಾದರೆ ಮಕ್ಕಳು ಹೇಳಿಸಿಕೊಳ್ಳದೆ ಎರಡನೇ ಸಲ ಓದುತ್ತಾರೆ.

ಕೂಡಿಸುವ ಜಾಗದಲ್ಲಿ ಒಂದು ಹೊಂಡವಿದೆ. 2ನೇ ತುಣುಕಿನಲ್ಲಿ ಅಜ್ಜಿ ಸಿಕ್ಕಿರುತ್ತಾಳೆ, 3ರಲ್ಲಿ ಸಿಕ್ಕಿರುವುದಿಲ್ಲ. 4ರಲ್ಲಿ ‘ಅಜ್ಜಿ ಹೇಳಿದಂತೆ’ ಎಂದು ಬರೆದರೆ 3ರಿಂದ ಬಂದ ಮಗು ‘ಯಾವ ಅಜ್ಜಿ?’ ಎಂದು ಕೇಳುತ್ತದೆ. ಕೂಡುವ ತುಣುಕುಗಳು, ಅಂದರೆ ಇಲ್ಲಿ 4 ಮತ್ತು 9, ಯಾವ ದಾರಿಯಿಂದ ಬಂದವರಿಗೂ ಒಪ್ಪುವಂತಿರಬೇಕು. ಇದನ್ನು ಪತ್ತೆ ಮಾಡಲು ಬೇರೆ ಉಪಾಯವಿಲ್ಲ, ದಾರಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಬೇಕು.

ತುಣುಕಿನ ಉದ್ದ 4ನೇ ತರಗತಿಗೆ 25ರಿಂದ 35 ಪದ, 6-7ಕ್ಕೆ 50ರಿಂದ 60. ಇಂಗ್ಲಿಷ್ ಮಾದರಿಗಳಲ್ಲಿ ಕಾಣುವ 100, 150 ಪದಗಳ ಅಳತೆಯನ್ನು ತಂದು ಹಾಕಬೇಡಿ. ವಿಭಕ್ತಿ, ಪ್ರತ್ಯಯ ಎಲ್ಲ ಹೊತ್ತುಕೊಂಡು ಬರುವ ನಮ್ಮ ಪದಗಳು ಉದ್ದ. ಒಂದು ತುಣುಕಿನಲ್ಲಿ ಹೊಸ ಒತ್ತಕ್ಷರದ ಪದ ಮೂರು ದಾಟದಿರಲಿ. ಅಕ್ಷರಗಳನ್ನೆಲ್ಲ ಮೊದಲೆರಡು ವರ್ಷದಲ್ಲೇ ಮುಗಿಸಿದ್ದೇವೆ ಎಂಬುದು ನಮ್ಮ ನಂಬಿಕೆ ಅಷ್ಟೇ. ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರ ಕಲಿಕೆ ಆರಂಭದ ತರಗತಿಗಳ ಆಚೆಗೂ ಸಾಗುತ್ತದೆ ಎಂದು ತೋರಿಸಿತ್ತು. 5ನೇ ತರಗತಿಯ ಮಗು ಒತ್ತಕ್ಷರದ ಮುಂದೆ ತಡವರಿಸಿದರೆ ಗಾಬರಿ ಬೀಳಬೇಕಿಲ್ಲ.

ಕಥೆಯನ್ನು ‘ನೀನು’ ಎಂದೇ ಬರೆಯಿರಿ. ‘ಹೋದೆ, ನೋಡಿದೆ’ ಎಂದರೆ ಹುಡುಗನಿಗೂ ಹುಡುಗಿಗೂ ಸರಿಹೋಗುತ್ತದೆ.

ಟ್ವೈನ್, ಮತ್ತು ಕನ್ನಡ ಅಲ್ಲಿ ಕೊಡುವ ಕಾಟ

ಇದಕ್ಕೆಲ್ಲ ಟ್ವೈನ್ ಸಾಕು. ಕ್ರಿಸ್ ಕ್ಲೈಮಸ್ 2009ರಲ್ಲಿ ಹೊರತಂದ ಮುಕ್ತ ತಂತ್ರಾಂಶ, ಉಚಿತ. ಕಥೆ ಮುಗಿದ ಮೇಲೆ ಒಂದೇ ಒಂದು ಎಚ್‌ಟಿಎಂಎಲ್ ಫೈಲ್ ಕೈಗೆ ಬರುತ್ತದೆ. ಇಂಟರ್ನೆಟ್ ಇಲ್ಲದ ಲ್ಯಾಬಿನಲ್ಲೂ ಬ್ರೌಸರ್‌ನಲ್ಲಿ ತೆರೆಯುತ್ತದೆ. ಜಗಳೂರು, ಮೊಳಕಾಲ್ಮೂರಿನ ಹಳ್ಳಿಶಾಲೆಗಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಎಚ್‌5ಪಿ ಎಂಬ ಇನ್ನೊಂದು ಸಾಧನದಲ್ಲೂ ಕವಲುಕಥೆ ಕಟ್ಟಬಹುದು, ಆದರೆ ಅದನ್ನು ಇಡಲು ಸಾಮಾನ್ಯವಾಗಿ ಒಂದು ಜಾಲತಾಣದ ವ್ಯವಸ್ಥೆ ಬೇಕು. ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ ಸ್ಲೈಡಿಗೆ ಕೊಂಡಿ ಹಾಕಿಯೂ ಮಾಡಬಹುದು. ಅಲ್ಲಿ ಮಗು ಕೊಂಡಿ ಬಿಟ್ಟು ಬೇರೆಲ್ಲೋ ಕ್ಲಿಕ್ ಮಾಡಿದರೆ ಮುಂದಿನ ಸ್ಲೈಡಿಗೆ ಹಾರಿಬಿಡುತ್ತದೆ, ಕಥೆ ಚಿಂದಿಯಾಗುತ್ತದೆ.

ಟ್ವೈನ್‌ನಲ್ಲಿ ಕೊಂಡಿ ಬರೆಯುವ ರೀತಿ ಮೇಲೆ ಕಂಡದ್ದೇ. ಎರಡು ಚೌಕಾವರಣ, ಒಳಗೆ ಮಗುವಿಗೆ ಕಾಣುವ ಮಾತು, ಬಾಣ, ಆಮೇಲೆ ತುಣುಕಿನ ಹೆಸರು. ಹೆಸರನ್ನು ಕನ್ನಡದಲ್ಲಿ ಇಡಬಹುದು, ಇಡದಿರುವುದೇ ಒಳ್ಳೆಯದು. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಕನ್ನಡ ಪದಗಳ ಒಳಗೆ ಬೇರೆ ಬೇರೆ ಸಂಕೇತ ಇರಬಹುದು. ‘ಊರ್‌ನಲ್ಲಿ’ ಎಂಬಲ್ಲಿ ಅಕ್ಷರ ಕೂಡದಂತೆ ತಡೆಯುವ ಅದೃಶ್ಯ ಗುರುತು ಇರುತ್ತದೆ, ದೀರ್ಘ ಓಕಾರವನ್ನು ಒಂದೇ ಸಂಕೇತವಾಗಿಯೂ ಬಿಡಿಬಿಡಿಯಾಗಿಯೂ ಬರೆಯಬಹುದು. ಹೆಸರು ತಾಳೆಯಾಗದಿದ್ದರೆ ಟ್ವೈನ್ ದೂರು ಹೇಳುವುದಿಲ್ಲ, ಆ ಹೆಸರಿನ ಹೊಸ ಖಾಲಿ ತುಣುಕನ್ನು ಹುಟ್ಟಿಸಿ ಸುಮ್ಮನಾಗುತ್ತದೆ. ಮಗು ಒತ್ತಿದಾಗ ಬರಿ ಪರದೆ. ಆದ್ದರಿಂದ ಹೆಸರು ಅಂಕಿಯಲ್ಲೇ ಇರಲಿ. ಅಲ್ಲಿಯೂ ಜಾಗ್ರತೆ: 4 ಮತ್ತು ೪ ಟ್ವೈನ್ ಪಾಲಿಗೆ ಬೇರೆ ಬೇರೆ.

ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬರೆದಿಟ್ಟ ಪಾಠವನ್ನು ನೇರವಾಗಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ.

ಇನ್ನು ತೋರಿಕೆ. ಟ್ವೈನ್‌ನ ಹಾರ್ಲೋ ಎಂಬ, ಕಥೆಯನ್ನು ಪರದೆಯ ಮೇಲೆ ತೋರಿಸುವ ಮಾದರಿಯಲ್ಲಿ ಹಿನ್ನೆಲೆ ಕಪ್ಪು, ಅಕ್ಷರ ಬಿಳಿ. ಕಿಟಕಿ ತೆರೆದ ಕೋಣೆಯಲ್ಲಿ ಪ್ರೊಜೆಕ್ಟರ್ ಹಾಕಿದರೆ ಏನೂ ಕಾಣದು. ಸ್ಟೈಲ್‌ಶೀಟ್‌ನಲ್ಲಿ ಹಿನ್ನೆಲೆಯನ್ನು ಬಿಳಿ ಮಾಡಿ. ಅಕ್ಷರದ ಗಾತ್ರ ಮೊಬೈಲಿಗೆ 22ರಿಂದ 24 ಪಿಕ್ಸೆಲ್, ಸಾಲಂತರ 1.8. ಇದಕ್ಕಿಂತ ಕಡಿಮೆ ಅಂತರವಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಓದಲು ಕಲಿಯುವ ಮಗುವಿಗೆ ಯಾವ ಒತ್ತು ಯಾರದು ಎಂದು ತಿಳಿಯುವುದಿಲ್ಲ. ಕೊಂಡಿಗೆ ಅಡಿಗೆರೆ ಬೇಡ, ಅದು ಒತ್ತಕ್ಷರವನ್ನು ನಡುವೆ ಕತ್ತರಿಸುತ್ತದೆ. ಬಣ್ಣ ಮತ್ತು ದಪ್ಪ ಅಕ್ಷರ ಸಾಕು. ಹಾರ್ಲೋ ಎಡಬದಿಯಲ್ಲಿ ಹಿಂದಕ್ಕೆ ಹೋಗುವ ಬಾಣವನ್ನು ತಾನೇ ತೋರಿಸುತ್ತದೆ, ಅದನ್ನೂ ಮರೆಮಾಡಿ. ಬಾಣ ಇದ್ದರೆ ಮಕ್ಕಳು ಎರಡೂ ಕೊಂಡಿಯನ್ನು ಮುಟ್ಟಿ ನೋಡಿ ಬರುತ್ತಾರೆ, ಓದುವ ಗೋಜಿಗೇ ಹೋಗುವುದಿಲ್ಲ.

ಚಿತ್ರ ಹಾಕುವ ಆಸೆಯನ್ನು ಮೊದಲ ಕಥೆಯಲ್ಲಿ ತಡೆದುಕೊಳ್ಳಿ. ಚಿತ್ರಗಳು ಬೇರೆ ಫೈಲಿನಲ್ಲಿ ಇರುವುದರಿಂದ ವಾಟ್ಸ್‌ಆ್ಯಪ್‌ನಲ್ಲಿ ಕಥೆಯ ಫೈಲ್ ಒಂದನ್ನೇ ಕಳಿಸಿದಾಗ ಅವು ಮಾಯ. ಚಿತ್ರವನ್ನು ಫೈಲಿನ ಒಳಗೇ ಹುದುಗಿಸುವ ಬೇಸ್64 ವಿಧಾನ ಇದೆ, ಗಾತ್ರ ಮೂರನೇ ಒಂದು ಪಾಲು ಹೆಚ್ಚುತ್ತದೆ. ದನಿಯ ವಿಷಯವೂ ಹಾಗೆಯೇ. ಒಂದೇ ಚಾನೆಲ್, 64 ಕೆಬಿಪಿಎಸ್ ಎಂಪಿ3 ಆದರೆ ನಿಮಿಷಕ್ಕೆ ಸುಮಾರು ಅರ್ಧ ಎಂಬಿ. ಆದರೆ ದನಿಯನ್ನು ಎಲ್ಲಿ ಇಡುತ್ತೀರಿ ಎಂಬುದು ಗಾತ್ರಕ್ಕಿಂತ ಮುಖ್ಯ. ತುಣುಕಿನ ಮೇಲೆ ‘ಕೇಳು’ ಗುಂಡಿ ಇದ್ದರೆ ಯಾರೂ ಓದುವುದಿಲ್ಲ. ಆರಂಭದ ತುಣುಕಿಗೆ ಮಾತ್ರ ಇರಲಿ, ಕಥೆಯ ಲಯ ಕಿವಿಗೆ ಬೀಳಲಿ, ಮುಂದಿನದು ಮಕ್ಕಳ ಬಾಯಿಂದಲೇ ಬರಲಿ.

ತರಗತಿಯಲ್ಲಿ

ಮಕ್ಕಳಿಗೆ ತಲೆಗೊಂದು ಪರದೆ ಬೇಕಿಲ್ಲ, ಇದ್ದರೆ ಈ ಕೆಲಸ ಕೆಡುತ್ತದೆ ಎಂದೇ ನಮ್ಮ ಅಭಿಪ್ರಾಯ. ಮೂವರಿಗೆ ಒಂದು. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಕೊಂಡಿ ಒತ್ತುತ್ತಾರೆ, ಮೂರನೆಯವರು ಬರೆಯುತ್ತಾರೆ. ಪ್ರತಿ ತುಣುಕಿಗೂ ಪಾಳಿ ಬದಲು. ಓದಿದವರು ಒತ್ತುವಂತಿಲ್ಲ, ಒತ್ತುವವರು ‘ಯಾಕೆ’ ಎಂದು ಹೇಳದೆ ಬೆರಳಿಡುವಂತಿಲ್ಲ. ‘ಗೊರಸು ಇಲ್ಲಲ್ಲ, ಅದಕ್ಕೆ’ ಎಂದರೂ ಸಾಕು.

ಬರೆಯುವವರು ಟಿಪ್ಪಣಿಯಲ್ಲಿ ತುಣುಕಿನ ಸಂಖ್ಯೆಗಳ ಸರಪಳಿ ಬರೆಯುತ್ತಾರೆ: 1-2-4-6-4-5-8-9-11. ಟ್ವೈನ್ ಕಥೆ ಓಡುವಾಗ ತುಣುಕಿನ ಹೆಸರನ್ನು ತೋರಿಸುವುದಿಲ್ಲ, ಆದ್ದರಿಂದ ಪ್ರತಿ ತುಣುಕಿನ ತಲೆಯಲ್ಲಿ ಸಂಖ್ಯೆಯನ್ನು ನೀವೇ ಬರೆದಿರಬೇಕು. ಈ ಸರಪಳಿಯೇ ಮೌಲ್ಯಮಾಪನ. ಒಂದು ಗುಂಪು 4-6-4 ಎಂದು ಬರೆದಿದ್ದರೆ ಅವರು ಊಹೆಯ ಮೇಲೆ ಒತ್ತಿದ್ದಾರೆ. ಎಲ್ಲ ಗುಂಪೂ 4-6-4 ಎಂದು ಬರೆದಿದ್ದರೆ ತಪ್ಪು ಪಠ್ಯದ್ದು, ಸುಳಿವು ಸರಿಯಾಗಿ ಕೂತಿಲ್ಲ. ಎರಡು ನಿಮಿಷದಲ್ಲಿ ಸರಪಳಿ ಮುಗಿಸಿ ಕೂತ ಗುಂಪಿಗೆ ಯಾವುದೋ ಒಂದು ಸಂಖ್ಯೆ ಹೇಳಿ ಅಲ್ಲೇನಾಯಿತು ಎಂದು ಕೇಳಿ.

40 ನಿಮಿಷದ ಅವಧಿಯಲ್ಲಿ ಓದಿಗೆ 20, ಬರವಣಿಗೆಗೆ 12, ಉಳಿದದ್ದು ಮೊಬೈಲು ಹಂಚಲು, ವಾಪಸು ಪಡೆಯಲು ಹೋಗುತ್ತದೆ. ಪ್ರೊಜೆಕ್ಟರ್ ಒಂದೇ ಇದ್ದರೆ ಕೈ ಎತ್ತಿಸಬೇಡಿ, ಜೋರುದನಿಯ ಒಬ್ಬನ ಹಿಂದೆ ಇಡೀ ತರಗತಿ ಹೋಗುತ್ತದೆ. ಸ್ಲೇಟಿನಲ್ಲಿ ಸಂಖ್ಯೆ ಬರೆಸಿ ಎಲ್ಲರೂ ಒಟ್ಟಿಗೆ ಎತ್ತಲಿ. ಕರೆಂಟು ಹೋದರೆ ಅದೇ 12 ತುಣುಕುಗಳು ರಟ್ಟಿನ ಮೇಲೆ ಅಂಟಿಸಿ ಇಟ್ಟಿರಲಿ. ನಲಿ-ಕಲಿಯ ಕಾರ್ಡುಗಳಲ್ಲಿ ಕೈ ಪಳಗಿದ ಮಕ್ಕಳಿಗೆ ಸಂಖ್ಯೆ ಹುಡುಕಿ ತೆಗೆಯುವುದು ಹೊಸದೇನಲ್ಲ.

ಮಕ್ಕಳೇ ಬರೆಯುವಾಗ

ಓದಿಸುವುದು ಈ ಕೆಲಸದ ಅರ್ಧ ಮಾತ್ರ. ಕವಲುಕಥೆಯ ನಿಜವಾದ ಲಾಭ ಮಕ್ಕಳು ಬರೆಯಲು ಕೂತಾಗ. ಪ್ರಬಂಧ ಬರೆ ಎಂದರೆ ಮೂರು ಸಾಲಿಗೆ ಪೆನ್ಸಿಲು ಕಚ್ಚುವ ಮಗು, ‘ಈ ತುಣುಕಿನ ಕೊನೆಗೆ ಎರಡು ದಾರಿ ಬೇಕು’ ಎಂದರೆ ಬರೆಯುತ್ತದೆ. ಯಾಕೆಂದರೆ ಅದಕ್ಕೆ ಓದುವವರು ಯಾರು ಎಂದು ಗೊತ್ತು: ಪಕ್ಕದ ಬೆಂಚಿನವರು.

ಪರದೆಯಿಂದ ಶುರುಮಾಡಬೇಡಿ. ಮೊದಲ ದಿನ ನೀವೇ ಕಟ್ಟಿದ ಕಥೆಯ 9ನೇ ತುಣುಕಿನವರೆಗೆ ಓದಿಸಿ ಕೊನೆಗಳನ್ನು ಬಚ್ಚಿಡಿ. ಪ್ರತಿ ಗುಂಪೂ ಒಂದು ಕೊನೆ ಬರೆಯಲಿ. ಎರಡನೇ ಸಲ ನಡುವಿನ 7 ಮತ್ತು 8ನ್ನು ಕಿತ್ತು ಅವರಿಗೆ ಬಿಡಿ. ಇದು ಕೊನೆ ಬರೆಯುವುದಕ್ಕಿಂತ ಕಷ್ಟ, ಯಾಕೆಂದರೆ ಹಿಂದಿನದಕ್ಕೂ ಮುಂದಿನದಕ್ಕೂ ಹೊಂದಬೇಕು. ಇವೆರಡೂ ಆದ ಮೇಲೆಯೇ ಪೂರ್ತಿ ಕಥೆ. ಚೀಟಿಗಳ ಮೇಲೆ ಬರೆದು, ನೆಲದ ಮೇಲೆ ಹರಡಿ, ಸೀಮೆಸುಣ್ಣದಲ್ಲಿ ಬಾಣ ಎಳೆಸಿ. ಯಾವ ಬಾಣವೂ ಮುಟ್ಟದ ಚೀಟಿ, ಬಾಣವೇ ಹೊರಡದ ಚೀಟಿ, ಎರಡೂ ಮೇಲಿನಿಂದ ನಿಂತು ನೋಡಿದರೆ ಕಾಣುತ್ತವೆ. ಆಮೇಲೆ ಇನ್ನೊಂದು ಗುಂಪು ಅದರ ಮೇಲೆ ನಡೆದು ಓದಲಿ. ಎಲ್ಲಿ ಸಿಕ್ಕಿಹಾಕಿಕೊಂಡರೋ ಅಲ್ಲಿ ತಿದ್ದುಪಡಿ. ಕೆಂಪು ಶಾಯಿಗಿಂತ ಈ ತಿದ್ದುಪಡಿಯನ್ನು ಮಕ್ಕಳು ಒಪ್ಪುತ್ತಾರೆ.

ಭಾಷೆಯ ಪ್ರಶ್ನೆ ಬಂದೇ ಬರುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮನೆಮಾತು ತೆಲುಗು ಇರಬಹುದು, ತಾಂಡಾಗಳಲ್ಲಿ ಲಂಬಾಣಿ, ದಾವಣಗೆರೆ ಪೇಟೆಯ ಶಾಲೆಗಳಲ್ಲಿ ಉರ್ದು. ಹರಿಹರದ ಮಗು ‘ಏನ್ ಮಾಡಾಕತ್ತಿ’ ಎಂದು ಬರೆಯುತ್ತದೆ. ನಮ್ಮ ನಿಯಮ: ಪಾತ್ರಗಳ ಮಾತು ಹೇಗಿದ್ದರೂ ತಿದ್ದುವುದಿಲ್ಲ, ಕಥೆ ಹೇಳುವ ವಾಕ್ಯಗಳು ಪಠ್ಯಪುಸ್ತಕದ ಕನ್ನಡದಲ್ಲಿ. ಉದ್ಧರಣ ಚಿಹ್ನೆಯನ್ನು ಮಕ್ಕಳು ಬೇಗ ಕಲಿಯುವುದು ಹೀಗೆ. ಒಂದು ಬೇಲಿಯ ಒಳಗೆ ಮನೆಮಾತಿಗೆ ಅನುಮತಿ ಇದೆ ಎಂದು ಗೊತ್ತಾದರೆ ಆ ಬೇಲಿಯನ್ನು ಅವರು ಎಂದೂ ಮರೆಯುವುದಿಲ್ಲ.

ಕೊನೆಗೆ ಟೈಪಿಂಗ್. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ವಿಧಾನ ಬೇಡ, ‘ಅಕ್ಕ’ ಬರೆಯಲು ಇಂಗ್ಲಿಷ್ ಕಾಗುಣಿತ ಕಲಿಯಬೇಕಾದ ವಿಚಿತ್ರ ಅದು. ಮಾತನ್ನು ಕೇಳಿ ತಾನೇ ಬರೆಯುವ ಸೌಲಭ್ಯವೂ ಬೇಡ. ಮೊಬೈಲಿನಲ್ಲಿ ಕನ್ನಡ ಅಕ್ಷರಗಳಿರುವ ಕೀಲಿಮಣೆ, ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸ ಇರಲಿ. ಅದರಲ್ಲಿ ಎಫ್ ಕೀ ಅರ್ಧಾಕ್ಷರ ಕೊಡುತ್ತದೆ: ಕ, ಎಫ್, ಕ ಒತ್ತಿದರೆ ಕ್ಕ. ಒತ್ತಕ್ಷರ ಹೇಗೆ ಹುಟ್ಟುತ್ತದೆ ಎಂಬುದನ್ನು ಕಪ್ಪುಹಲಗೆ ಇಷ್ಟು ಸ್ಪಷ್ಟವಾಗಿ ತೋರಿಸಲಾರದು.

‘ಸೂರ್ಯ’ ಟೈಪ್ ಮಾಡಿಸಿ ನೋಡಿ. ಕೆಲವು ಮಕ್ಕಳ ಪರದೆಯಲ್ಲಿ ‘ಸೂಯ್ರ’ ಬರುತ್ತದೆ. ಕೈಬರಹದಲ್ಲಿ ಯ ಮೊದಲು, ಅರ್ಕಾವತ್ತು ಆಮೇಲೆ, ಅವರು ಅದೇ ಕ್ರಮದಲ್ಲಿ ಒತ್ತಿದ್ದಾರೆ. ಕೀಲಿಮಣೆಗೆ ಬೇಕಾದದ್ದು ಉಚ್ಚಾರದ ಕ್ರಮ, ರಕಾರ ಮೊದಲು. ಟಿಪ್ಪಣಿಯಲ್ಲಿ ಸರಿಯಾಗಿ ಬರೆಯುತ್ತಿದ್ದ ಮಗು ಇಲ್ಲಿ ತಪ್ಪಿದರೆ, ಅದು ಇಷ್ಟು ದಿನ ಆಕಾರವನ್ನು ನಕಲು ಮಾಡಿದೆ, ದನಿಯನ್ನು ಬಿಡಿಸಿ ಕೇಳಿಲ್ಲ ಎಂದು ಅರ್ಥ. ಕರ್ತ, ಧರ್ಮ, ವರ್ಷ, ಕಾರ್ಯ, ಹತ್ತು ಪದ ಟೈಪ್ ಮಾಡುವಷ್ಟರಲ್ಲಿ ಸರಿಹೋಗುತ್ತದೆ. ಚೌಕಾವರಣ ಮತ್ತು ಬಾಣವನ್ನು ಮಾತ್ರ ನೀವೇ ಹಾಕಿಕೊಡಿ, ಮಕ್ಕಳ ಸಮಯ ಅದರಲ್ಲಿ ಕಳೆಯುವುದು ಬೇಡ.

ಊರಿನ ಕಥೆ

ದುರ್ಗದಲ್ಲಿ ಈ ಕೆಲಸಕ್ಕೆ ಕೈಹಾಕಿದವರು ಮೊದಲು ಮುಟ್ಟುವುದು ಓಬವ್ವನ ಕಿಂಡಿಯನ್ನು. ‘ಒನಕೆ ಎತ್ತಿಕೊ, ಓಡಿಹೋಗು’ ಎಂಬ ಕವಲು ಮಾತ್ರ ಬೇಡ. ಎಲ್ಲರಿಗೂ ಗೊತ್ತಿರುವ ಕಥೆಯಲ್ಲಿ ಅದು ಆಯ್ಕೆಯೇ ಅಲ್ಲ, 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿದ್ದನ್ನೂ ಕೊಂಡಿ ಒತ್ತಿ ಬದಲಿಸಲಾಗದು. ಬದಲಿಗೆ ಯಾರ ಪಕ್ಕ ನಿಲ್ಲಬೇಕು ಎಂಬುದನ್ನು ಆರಿಸಲು ಬಿಡಿ: ನೀರಿಗೆ ಬಂದ ಓಬವ್ವ, ಊಟಕ್ಕೆ ಕೂತ ಆಕೆಯ ಗಂಡ ಕಹಳೆ ಮುದ್ದಹನುಮ, ಕಿಂಡಿಯ ಆಚೆ ಸರದಿಗೆ ಕಾಯುವ ಸೈನಿಕ. ಒಬ್ಬೊಬ್ಬರೇ ನುಸುಳಬೇಕಾದ ಕಿಂಡಿ, ಮುಂದೆ ಹೋದವನ ಗತಿ ಹಿಂದಿನವನಿಗೆ ಕಾಣದು. ಒಂದೇ ಗಳಿಗೆಯನ್ನು ಮೂವರ ಕಣ್ಣಿನಿಂದ ಬರೆಯುವಾಗ ಯಾರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂದು ಮಕ್ಕಳು ವಾದಕ್ಕೆ ಇಳಿಯುತ್ತಾರೆ. 7ನೇ ತರಗತಿಗೆ ಹೇಳಿ ಮಾಡಿಸಿದ ಬರವಣಿಗೆ.

ಮಾಹಿತಿ ಬರಹಕ್ಕೆ ಹಿರಿಯೂರಿನ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ ಅಣೆಕಟ್ಟು, ಚೆನ್ನಾಗಿ ಒದಗುತ್ತದೆ. 1933ರಲ್ಲಿ ತುಂಬಿದ್ದ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಒಂದು ದಾರಿ 1933ಕ್ಕೆ, ಇನ್ನೊಂದು 2022ಕ್ಕೆ. ಎರಡನೆಯದನ್ನು ಮಕ್ಕಳು ಮನೆಯವರನ್ನು ಕೇಳಿ ಬರೆಯಬಹುದು.

ಸ್ವಂತ ಕಥೆ ಹೊಳೆಯದಿದ್ದರೆ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಮಕ್ಕಳ ಕಥೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ನಾಲ್ಕು ಹಂತಗಳಲ್ಲಿ ಸಿಗುತ್ತವೆ. ಅಲ್ಲಿನ ಕಥೆಗಳಿಗೆ ಸಾಮಾನ್ಯವಾಗಿ ಇರುವ ಸಿಸಿ ಬೈ 4.0 ಪರವಾನಗಿಯಡಿ ಕವಲು ಸೇರಿಸಿ ಬದಲಿಸಿಕೊಳ್ಳಬಹುದು. ಮೂಲ ಲೇಖಕರು, ಚಿತ್ರಕಾರರ ಹೆಸರು, ಪರವಾನಗಿ, ನೀವು ಮಾಡಿದ ಬದಲಾವಣೆ, ಇಷ್ಟನ್ನು ಕೊನೆಯ ತುಣುಕಿನಲ್ಲಿ ಬರೆಯಬೇಕು.

ಕಥೆ ಉಳಿಸುವ ವಿಚಾರ ಒಂದು ಬಾಕಿ. ಟ್ವೈನ್ ಅನ್ನು ಬ್ರೌಸರ್‌ನಲ್ಲೇ ಬಳಸಿದರೆ ಕಥೆ ಉಳಿಯುವುದು ಆ ಕಂಪ್ಯೂಟರಿನ ಆ ಬ್ರೌಸರ್‌ನ ಒಳಗೆ ಮಾತ್ರ. ಲ್ಯಾಬಿನಲ್ಲಿ ಯಾರಾದರೂ ಬ್ರೌಸಿಂಗ್ ಡೇಟಾ ಅಳಿಸಿದರೆ ತಿಂಗಳ ಕೆಲಸ ಹೋಯಿತು. ಕಂಪ್ಯೂಟರಿಗೆ ಇನ್‌ಸ್ಟಾಲ್ ಮಾಡುವ ಆವೃತ್ತಿ ಬಳಸಿ, ಅದು ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಫೈಲಾಗಿ ಇಡುತ್ತದೆ. ಆದರೂ ಪ್ರತಿ ಅವಧಿಯ ಕೊನೆಗೆ ಆರ್ಕೈವ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ, ಹೆಸರಿನಲ್ಲಿ ತರಗತಿ ಮತ್ತು ತಾರೀಖು ಇರಲಿ. ಆರ್ಕೈವ್ ಕೂಡ ಎಚ್‌ಟಿಎಂಎಲ್ ಫೈಲೇ ಆದ್ದರಿಂದ ಅದನ್ನು ಮಕ್ಕಳ ಮೊಬೈಲಿಗೆ ಕಳಿಸಿ ‘ಏನೂ ಕಾಣ್ತಿಲ್ಲ’ ಅನ್ನಿಸಿಕೊಳ್ಳುವವರು ಇದ್ದಾರೆ. ಮಕ್ಕಳಿಗೆ ಹೋಗಬೇಕಾದದ್ದು ‘ಪಬ್ಲಿಷ್’ ಒತ್ತಿ ಪಡೆದ ಫೈಲು.